ಪೇಪರ್ ಬಿಲ್ ಕಟ್ಟೋದಾ, ನಿಲ್ಲಿಸೋದಾ?

ನಿಮ್ಮ ಮನೆಗೆ ನ್ಯೂಸ್ ಪೇಪರ್ ಬರುತ್ತಾ? ಬಂದರೆ, ನಿನ್ನೆಯ ಪೇಪರ್‌ನ ಮಡಿಕೆ ಯಾರಾದರೂ ಬಿಚ್ಚಿದ್ರಾ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿದ್ದು ಏಪ್ರಿಲ್‌ನಲ್ಲಿ. ಹೊಸ ಆರ್ಥಿಕ ವರ್ಷ ಅಂತ ನಾನು, ನನ್ನ ಹೆಂಡತಿ ಕೂತು ತಿಂಗಳ ಖರ್ಚಿನ ಎಕ್ಸೆಲ್ ಶೀಟ್ ತೆರೆದಿದ್ವಿ. ಇಬ್ಬರೂ ಐಟಿಯಲ್ಲೇ ಇರೋದು, ಬಜೆಟ್ ಮೀಟಿಂಗ್‌ನ ಚಟ ಮನೆಗೂ ಬಂದುಬಿಟ್ಟಿದೆ. ಎರಡು ಒಟಿಟಿ, ಒಂದು ಮ್ಯೂಸಿಕ್ ಆ್ಯಪ್, ಫೋಟೊ ಇಡೋಕೆ ಕ್ಲೌಡ್ ಜಾಗ, ಹೋಗದೇ ಇರೋ ಜಿಮ್. ಕೊನೆಯ ಸಾಲಿನಲ್ಲಿ 'ಪೇಪರ್ - 495'. ಕನ್ನಡದ್ದು 235, ಇಂಗ್ಲಿಷ್‌ದು 260. ಅವಳು ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. "ವರ್ಷಕ್ಕೆ ಆರು ಸಾವಿರ. ಓದೋದು ಯಾರು?"

ಉತ್ತರ ಹೇಳೋಕೆ ನನ್ನ ಹತ್ತಿರ ಡೇಟಾ ಇರಲಿಲ್ಲ. ಹಾಗಾಗಿ ಮೂವತ್ತು ದಿನ ಲೆಕ್ಕ ಇಡೋದು ಅಂತ ಆಯ್ತು. ಫ್ರಿಜ್ ಮೇಲೆ ಒಂದು ಚೀಟಿ, ಓದಿದ ದಿನ ಒಂದು ಗೀಟು, ಅಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿ ಪೇಪರ್ ತೂಗಿ ಬರೆದಿಡೋ ಐಡಿಯಾ ನನ್ನದು. ಅದಕ್ಕೆ ಅವಳು ನಕ್ಕಿದ್ದೂ ನಿಜ.

ಮೊದಲು ತೂಕದ ವಿಷಯ ಹೇಳ್ತೀನಿ, ಯಾಕಂದ್ರೆ ನನ್ನ ಯೋಚನೆ ಬದಲಾಗೋಕೆ ಶುರುವಾಗಿದ್ದು ಅಲ್ಲಿಂದ. ಹದಿನಾರು ಪುಟದ ಒಂದು ಸಾಧಾರಣ ದಿನದ ಕನ್ನಡ ಪೇಪರ್ ಸುಮಾರು 70 ಗ್ರಾಂ ತೂಗುತ್ತೆ. ತಿಂಗಳಿಗೆ ಎರಡು ಕೆಜಿ ಚಿಲ್ಲರೆ. ರದ್ದಿಯವನು ಕೆಜಿಗೆ ಹದಿನೈದು ರೂಪಾಯಿ ಕೊಟ್ಟರೂ ವಾಪಸ್ ಬರೋದು ಮೂವತ್ತು ರೂಪಾಯಿ. 'ರದ್ದಿ ಮಾರಿದ್ರೆ ಪೇಪರ್ ಫ್ರೀ' ಅಂತ ನಮ್ಮ ಅತ್ತೆ ಹೇಳೋ ಲೆಕ್ಕ ಇಲ್ಲಿಗೆ ಬಿತ್ತು.

ಈಗ ಇದನ್ನೇ ಉಲ್ಟಾ ನೋಡಿ. ಮುದ್ರಣಕ್ಕೆ ಬಳಸೋ ಖಾಲಿ ಕಾಗದ, ಅಂದರೆ ನ್ಯೂಸ್‌ಪ್ರಿಂಟ್, ಟನ್ನಿಗೆ ಐವತ್ತು ಸಾವಿರ ಅಂತ ಇಟ್ಟುಕೊಳ್ಳೋಣ. 70 ಗ್ರಾಂ ಕಾಗದಕ್ಕೇ ಮೂರೂವರೆ ರೂಪಾಯಿ ಆಯ್ತು. ಪೇಪರ್‌ನ ಬೆಲೆ ಏಳು ರೂಪಾಯಿ ಅಂದ್ಕೊಳ್ಳಿ. ಅದರಲ್ಲಿ ಏಜೆಂಟು, ಹಂಚುವ ಹುಡುಗರ ಪಾಲು ಸುಮಾರು ಮೂರನೇ ಒಂದು ಭಾಗ ಅಂತ ತೆಗೆದರೆ ಉಳಿಯೋದು ನಾಲ್ಕೂಮುಕ್ಕಾಲು. ಕಾಗದದ ದುಡ್ಡು ಕಳೆದರೆ ಕೈಗೆ ಒಂದೂಕಾಲು ರೂಪಾಯಿ. ಈ ಒಂದೂಕಾಲು ರೂಪಾಯಿಯಲ್ಲಿ ಇಂಕು, ಪ್ಲೇಟು, ಪ್ರೆಸ್ಸಿನ ಕರೆಂಟು, ನಡುರಾತ್ರಿ ಹೊರಡೋ ವ್ಯಾನಿನ ಡೀಸೆಲ್ಲು, ಆಮೇಲೆ ವರದಿಗಾರರ ಸಂಬಳ! ಇದು ನನ್ನ ಅಡುಗೆಮನೆ ಲೆಕ್ಕ, ಪತ್ರಿಕೆಯಿಂದ ಪತ್ರಿಕೆಗೆ ಹೆಚ್ಚುಕಮ್ಮಿ ಆಗುತ್ತೆ. ಆದರೆ ಚಿತ್ರ ಮಾತ್ರ ಹೀಗೇ ಇರುತ್ತೆ.

ಕಾಗದದ ಬೆಲೆ ಬೇರೆ ಪತ್ರಿಕೆಯವರ ಕೈಯಲ್ಲಿಲ್ಲ. ನಮ್ಮ ದೇಶ ನ್ಯೂಸ್‌ಪ್ರಿಂಟ್‌ನ ದೊಡ್ಡ ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತೆ. 2019ರ ಜುಲೈ ಬಜೆಟ್‌ನಲ್ಲಿ ಅದರ ಮೇಲೆ ಶೇ 10 ಆಮದು ಸುಂಕ ಬಿತ್ತು, ಗಲಾಟೆ ಆದಮೇಲೆ 2020ರ ಫೆಬ್ರವರಿಯಲ್ಲಿ ಶೇ 5ಕ್ಕೆ ಇಳೀತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಬೆಲೆ ಮತ್ತೆ ಹಾರಿತು. ಎಲ್ಲೋ ಯುದ್ಧ ಆದರೆ ನಮ್ಮ ಬಾಗಿಲಿಗೆ ಬರೋ ಪೇಪರ್‌ನಲ್ಲಿ ಎರಡು ಪುಟ ಕಮ್ಮಿ.

ಹಾಗಾದರೆ ಸುದ್ದಿಗೆ ದುಡ್ಡು ಕೊಡ್ತಿರೋದು ಯಾರು? ಜಾಹೀರಾತಿನವರು. ಹಬ್ಬದ ದಿನ ಮೊದಲ ಪುಟ ಅಂತ ತಿರುಗಿಸಿದರೆ ಪೂರ್ತಿ ಪುಟ ಅಪಾರ್ಟ್‌ಮೆಂಟು, ಇನ್ನೊಂದು ತಿರುಗಿಸಿದರೆ ಚಿನ್ನದಂಗಡಿ, ಮೂರನೇ ಹಾಳೆಯಲ್ಲಿ ಸರ್ಕಾರದ ಸಾಧನೆ. ನಿಜವಾದ ಮೊದಲ ಪುಟ ಐದನೇ ಪುಟದಲ್ಲಿ ಸಿಗುತ್ತೆ. ಇದನ್ನ ನೋಡಿ ಬೈಕೊಳ್ಳೋದು ಸುಲಭ. ನಾವು ಏಳು ರೂಪಾಯಿಗೆ ಹದಿನಾರು ಪುಟ ಬೇಕು ಅಂತೀವಿ, ಮಿಕ್ಕಿದ್ದನ್ನ ಬಿಲ್ಡರ್ ಕಟ್ತಾನೆ. ಹಾಗೆ ಕಟ್ಟಿದ ಬಿಲ್ಡರ್‌ನ ಲೇಔಟ್ ಕೆರೆ ಒತ್ತುವರಿ ಮಾಡಿದ್ರೆ ಆ ಸುದ್ದಿ ಎಷ್ಟು ದೊಡ್ಡದಾಗಿ ಬರುತ್ತೆ ಅನ್ನೋದು ನೀವೇ ಊಹಿಸಿ. 2009ರ ಲೋಕಸಭಾ ಚುನಾವಣೆ ಆದಮೇಲೆ ಭಾರತೀಯ ಪತ್ರಿಕಾ ಮಂಡಳಿ 'ಕಾಸಿಗಾಗಿ ಸುದ್ದಿ' ಬಗ್ಗೆಯೇ 2010ರಲ್ಲಿ ಒಂದು ವರದಿ ಕೊಡಬೇಕಾಗಿ ಬಂತು. ಜಾಹೀರಾತನ್ನ ಸುದ್ದಿಯ ವೇಷದಲ್ಲಿ ಅಚ್ಚು ಹಾಕೋ ಕಾಯಿಲೆ ಅದು.

ಇದಕ್ಕೆ ಒಂದು ಹಳೆಯ ಕೋರ್ಟ್ ಕೇಸೂ ಇದೆ. ಇಷ್ಟು ಪುಟಕ್ಕೆ ಇಷ್ಟು ಬೆಲೆ ಅಂತ ಸರ್ಕಾರವೇ ನಿಗದಿ ಮಾಡೋಕೆ 1956ರಲ್ಲಿ ಒಂದು ಕಾಯ್ದೆ ಬಂದಿತ್ತು. ದೊಡ್ಡ ಪತ್ರಿಕೆಗಳು ಕಮ್ಮಿ ಬೆಲೆಗೆ ಜಾಸ್ತಿ ಪುಟ ಕೊಟ್ಟು ಚಿಕ್ಕವರನ್ನ ಮುಳುಗಿಸಬಾರದು ಅನ್ನೋದು ಉದ್ದೇಶ. ಪುಣೆಯ ಮರಾಠಿ ಪತ್ರಿಕೆ 'ಸಕಾಳ್' ಸುಪ್ರೀಂ ಕೋರ್ಟಿಗೆ ಹೋಯ್ತು. ಬೆಲೆ ಏರಿಸಿದರೆ ಓದುಗರು ಕಮ್ಮಿ ಆಗ್ತಾರೆ, ಪುಟ ಇಳಿಸಿದರೆ ಹೇಳೋ ಮಾತು ಕಮ್ಮಿ ಆಗುತ್ತೆ, ಎರಡೂ ವಾಕ್ ಸ್ವಾತಂತ್ರ್ಯಕ್ಕೇ ಪೆಟ್ಟು ಅನ್ನೋ ವಾದವನ್ನ ಕೋರ್ಟ್ 1961ರಲ್ಲಿ ಒಪ್ಪಿತು, ಕಾಯ್ದೆ ಬಿದ್ದುಹೋಯ್ತು. ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಏಳು ರೂಪಾಯಿ ಅನ್ನೋದು ಪತ್ರಿಕೆಯ ಬೆಲೆಯೇ ಅಲ್ಲ, ಅದೊಂದು ಡಿಸ್ಕೌಂಟ್ ಕೂಪನ್ ಅಂತ ನನಗೆ ಹೊಳೆದಿದ್ದು ಇದನ್ನ ಓದಿದ ಮೇಲೆ.

ಫೋನಲ್ಲೇ ಎಲ್ಲಾ ಸಿಗುತ್ತಲ್ಲ?

ಸಿಗುತ್ತೆ. ನಾನೂ ಬೆಳಗ್ಗೆ ಎದ್ದ ಕೂಡಲೇ ನೋಡೋದು ಫೋನನ್ನೇ. ಮೆಟ್ರೋ ದರ, ಕ್ರಿಕೆಟ್ ಸ್ಕೋರು, ಮಳೆ, ಯಾವ ಕಂಪನಿ ಎಷ್ಟು ಜನರನ್ನ ತೆಗೀತು ಅನ್ನೋದೆಲ್ಲ ಪೇಪರ್ ಬರೋ ಮೊದಲೇ ಗೊತ್ತಿರುತ್ತೆ. ಮೂವತ್ತು ದಿನದ ಚೀಟಿಯಲ್ಲಿ ಇಂಗ್ಲಿಷ್ ಪೇಪರ್‌ಗೆ ಬಿದ್ದಿದ್ದು ಏಳು ಗೀಟು, ಅದರಲ್ಲಿ ನಾಲ್ಕು ಭಾನುವಾರ. ಕನ್ನಡದ್ದಕ್ಕೆ ಹದಿನಾಲ್ಕು. ಹದಿನಾಲ್ಕರಲ್ಲಿ ಅರ್ಧ ನಮ್ಮ ಅತ್ತೆ ಬಂದಿದ್ದ ಎರಡು ವಾರದ್ದು, ಅವರು ಪದಬಂಧಕ್ಕೆ ಅಂತ ತೆಗೀತಿದ್ದರು.

ಹಾಗಂತ ಫೋನಿನಲ್ಲಿ ಬರೋದೆಲ್ಲ ಪುಕ್ಕಟೆ ಅಂತ ಅಲ್ಲ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ದಿನಾ ಬೆಳಗ್ಗೆ ಒಬ್ಬರು ಐದಾರು ಪತ್ರಿಕೆಗಳ ಪಿಡಿಎಫ್ ಹಾಕ್ತಾರೆ, ನಲವತ್ತು ಜನ ಕೈ ಮುಗಿಯೋ ಇಮೋಜಿ ಹಾಕ್ತಾರೆ. ನಾವು ಬರೆದ ಕೋಡನ್ನ ಯಾರಾದರೂ ಹೀಗೆ ಹಂಚಿದ್ರೆ ಲೀಗಲ್ ಟೀಮ್ ನೋಟಿಸ್ ಕಳಿಸುತ್ತೆ. ಪೇಪರ್ ಅಂದ್ರೆ ಮಾತ್ರ ಸಮಾಜಸೇವೆ.

ಇನ್ನೊಂದು ವ್ಯತ್ಯಾಸ ನಾನು ಈ ತಿಂಗಳಲ್ಲೇ ಗಮನಿಸಿದ್ದು. ಯಾವುದೇ ಪೇಪರ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ ನೋಡಿ: ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯ್ತು. ಅದು ಅಲಂಕಾರ ಅಲ್ಲ. ಬ್ರಿಟಿಷರ ಕಾಲದ 1867ರ ಕಾಯ್ದೆಯಿಂದ ಬಂದ ಕಡ್ಡಾಯ. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ. ಸುದ್ದಿ ಸುಳ್ಳಾದರೆ ಯಾರ ಮೇಲೆ ಕೇಸ್ ಹಾಕಬೇಕು ಅಂತ ಪತ್ರಿಕೆಯೇ ಹೆಸರು ಕೊಟ್ಟಿರುತ್ತೆ. ವಾಟ್ಸ್‌ಆ್ಯಪ್‌ನಲ್ಲಿ 'ಬಂದಿದ್ದನ್ನ ಕಳಿಸಿದೆ' ಅಂತಾರೆ, ಮುಗೀತು.

ಕಾನೂನುಬದ್ಧವಾಗಿ ದುಡ್ಡು ಕೊಟ್ಟು ಆನ್‌ಲೈನಲ್ಲಿ ಓದೋಣ ಅಂದ್ರೆ ಅದಕ್ಕೂ ದಾರಿ ಇದೆ. ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ 'ತಿಂಗಳಿಗೆ ಇಪ್ಪತ್ತು ಲೇಖನ ಫ್ರೀ, ಆಮೇಲೆ ದುಡ್ಡು' ಅಂತ ಗೋಡೆ ಕಟ್ಟಿದಾಗ ಇದು ನಡೆಯಲ್ಲ ಅಂದವರೇ ಜಾಸ್ತಿ. ಈಗ ಅವರಿಗೆ ಡಿಜಿಟಲ್ ಚಂದಾದಾರರೇ ಆಧಾರ. ಗಾರ್ಡಿಯನ್‌ನವರು ಗೋಡೆ ಕಟ್ಟದೆ, ಲೇಖನದ ಕೊನೆಯಲ್ಲಿ ಕೈಲಾದಷ್ಟು ಕೊಡಿ ಅಂತ ಕೇಳ್ತಾರೆ, ಒಂಥರಾ ಯಕ್ಷಗಾನ ಮೇಳದ ತಟ್ಟೆ. ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಈಗ ಗೋಡೆಯ ಹಿಂದೆ ಹೋಗ್ತಿವೆ. ಮೊದಲ ವರ್ಷ ಭಾರಿ ರಿಯಾಯಿತಿ, ಎರಡನೇ ವರ್ಷ ಮೂಲ ಬೆಲೆ. ಅಚ್ಚಾದ ಪತ್ರಿಕೆಗೆ ಜಿಎಸ್‌ಟಿ ಇಲ್ಲ. ಅದೇ ಸುದ್ದಿಯನ್ನ ಸ್ಕ್ರೀನಲ್ಲಿ ಓದೋಕೆ ನಾನು ಕಟ್ಟಿದ ಬಿಲ್‌ನಲ್ಲಿ ಶೇ 18 ಸೇರಿತ್ತು. ಮರ ಕಡಿದರೆ ತೆರಿಗೆ ಇಲ್ಲ, ಕಡಿಯದಿದ್ರೆ ಇದೆ.

ಆ ಬಿಲ್ ಒಂದು ಪತ್ರಿಕೆಯ ಡಿಜಿಟಲ್ ಚಂದಾದು, ಹೆಸರು ಬೇಡ. ಸೇರೋಕೆ ಎರಡು ಕ್ಲಿಕ್ ಸಾಕಾಯ್ತು. ಬಿಡೋಕೆ ಹೋದರೆ ಆ್ಯಪ್‌ನಲ್ಲಿ ಬಟನ್ನೇ ಇಲ್ಲ, ಇಮೇಲ್ ಕಳಿಸಿ ಅಂತು. ಕಳಿಸಿದ್ರೆ ಫೋನ್ ಮಾಡಿ ಇನ್ನೂ ಕಮ್ಮಿ ಬೆಲೆಗೆ ಕೊಡ್ತೀವಿ ಅಂದ್ರು. ಚೌಕಾಸಿ ಮಾಡೋಕೆ ಇದೇನು ಕೆ.ಆರ್. ಮಾರುಕಟ್ಟೆನಾ? ನಿಮಗೂ ಹೀಗಾದರೆ ನೆನಪಿರಲಿ, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿ ಇದೆ. ಬಿಡೋದನ್ನ ಕಷ್ಟ ಮಾಡೋ 'ಚಂದಾ ಬಲೆ' ಅದರಲ್ಲಿ ಒಂದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆಟೊ ಡೆಬಿಟ್ ಆಗೋಕೆ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಲೇಬೇಕು, ಅದರಲ್ಲೇ ನಿಲ್ಲಿಸೋ ಆಯ್ಕೆಯೂ ಇರಬೇಕು. ಆ ಮೆಸೇಜನ್ನ ಆಫರ್ ಎಸ್ಸೆಮ್ಮೆಸ್ ಅಂತ ಸ್ವೈಪ್ ಮಾಡಿಬಿಡಬೇಡಿ. ನಾನು ನಿಲ್ಲಿಸಿದ್ದು ಹಾಗೇ, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್ ರದ್ದು ಮಾಡಿ.

ಒಂಬತ್ತನೇ ಪುಟದ ಕೆಳಗಿನ ಮೂಲೆ

ಇಷ್ಟರಲ್ಲೇ ಲೆಕ್ಕ ಮುಗಿದಿದ್ದರೆ ನಾನು ಎರಡೂ ಪೇಪರ್ ನಿಲ್ಲಿಸಿ, ಉಳಿದ ದುಡ್ಡಲ್ಲಿ ಇನ್ನೊಂದು ಒಟಿಟಿ ಹಾಕಿಸಿಕೊಳ್ತಿದ್ದೆ. ನಿಲ್ಲಿಸದೇ ಇರೋಕೆ ಕಾರಣ ಎರಡು ವರ್ಷದ ಹಿಂದಿನ ಒಂದು ಫೋನ್ ಕರೆ.

ನಮ್ಮೂರು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ ಅಲ್ಲಿ ತೆಂಗಿನ ತೋಟ. ಒಂದು ದಿನ ಬೆಳಗ್ಗೆ ಏಳೂಕಾಲಿಗೆ ಫೋನ್ ಮಾಡಿದರು. ಅಪ್ಪ ಅಷ್ಟು ಹೊತ್ತಿಗೆ ಫೋನ್ ಮಾಡಿದರೆ ಯಾರೋ ಹೋಗಿಬಿಟ್ಟಿದ್ದಾರೆ ಅಂತಲೇ ಅರ್ಥ. "ಪೇಪರ್‌ನಲ್ಲಿ ನಮ್ಮ ಸರ್ವೆ ನಂಬರ್ ಬಂದಿದೆ" ಅಂದ್ರು. ಅವರ ಧ್ವನಿ ನಡುಗ್ತಿತ್ತು.

ಜಿಲ್ಲಾ ಪುಟಗಳ ಕೊನೆಯಲ್ಲಿ, ಒಂಬತ್ತನೇ ಪುಟದ ಕೆಳಗಿನ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು 'ಸಾರ್ವಜನಿಕ ಪ್ರಕಟಣೆ'. ಇಂಥ ಸರ್ವೆ ನಂಬರಿನ ಒಂದು ಎಕರೆ ಹತ್ತು ಗುಂಟೆಯನ್ನು ನನ್ನ ಕಕ್ಷಿದಾರರು ಕೊಳ್ಳಲು ನಿಶ್ಚಯಿಸಿದ್ದಾರೆ, ಯಾರದಾದರೂ ತಕರಾರಿದ್ದರೆ ಏಳು ದಿನದೊಳಗೆ ದಾಖಲೆ ಸಮೇತ ತಿಳಿಸಬೇಕು, ಇಲ್ಲದಿದ್ದರೆ ಯಾರ ತಕರಾರೂ ಇಲ್ಲವೆಂದು ಭಾವಿಸಲಾಗುವುದು ಅಂತ ಒಬ್ಬ ವಕೀಲರ ಹೆಸರಲ್ಲಿ. ಆ ಜಮೀನು ನಮ್ಮ ತಾತನದ್ದು. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡಿಕೊಂಡು ನಲವತ್ತು ವರ್ಷ ಉಂಡಿದ್ದರು. ಪಹಣಿ ಮಾತ್ರ ಹಿರಿಯರಾದ ದೊಡ್ಡಪ್ಪನ ಹೆಸರಲ್ಲೇ ಉಳಿದಿತ್ತು. ಅವರು ತೀರಿಕೊಂಡ ಮೇಲೆ ಆ ಕಡೆಯವರು ಅಪ್ಪನ ಭಾಗವನ್ನೂ ಸೇರಿಸಿ ಮಾರೋಕೆ ಹೊರಟಿದ್ದರು. ಅಪ್ಪ ನೆಟ್ಟ ಇಪ್ಪತ್ತೆಂಟು ಮರಗಳೂ ಅದರಲ್ಲೇ.

ಅಪ್ಪ ಪುಟದ ಫೋಟೊ ಕಳಿಸಿದರು, ನಾನು ನಮ್ಮ ಪರಿಚಯದ ವಕೀಲರಿಗೆ ಕಳಿಸಿದೆ. ಐದನೇ ದಿನ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ತಕರಾರು ಹೋಯ್ತು. ವ್ಯಾಜ್ಯದ ಜಮೀನು ಅಂತ ಗೊತ್ತಾದ ಮೇಲೆ ಕೊಳ್ಳೋಕೆ ಬಂದವರು ಹಿಂದೆ ಸರಿದರು. ಆಮೇಲೆ ಊರಲ್ಲಿ ನಾಲ್ಕೈದು ಸಲ ಕೂತು ಮಾತಾಡಿ, ಒಂದೆರಡು ಸಲ ಕೂಗಾಡಿ, ಕೊನೆಗೆ ವಿಭಾಗ ಪತ್ರ ನೋಂದಣಿ ಆಯ್ತು. ಕೋರ್ಟಿಗೆ ಹೋಗಿದ್ದರೆ ನನ್ನ ಮಕ್ಕಳ ಕಾಲಕ್ಕೆ ಮುಗೀತಿತ್ತೇನೋ.

ಇಲ್ಲಿ ನನ್ನನ್ನ ಕಾಡಿದ್ದು ಬೇರೆ ವಿಷಯ. ಅವತ್ತು ಬೆಂಗಳೂರಲ್ಲಿ ನಮ್ಮ ಬಾಗಿಲಿಗೂ ಅದೇ ಪತ್ರಿಕೆ ಬಂದಿತ್ತು. ಹುಡುಕಿದೆ, ಆ ಪ್ರಕಟಣೆ ಅದರಲ್ಲಿ ಇರಲಿಲ್ಲ. ಅದು ಹಾಸನದ ಆವೃತ್ತಿಗೆ ಮಾತ್ರ ಕೊಟ್ಟ ಜಾಹೀರಾತು. ಪತ್ರಿಕೆಯ ವೆಬ್‌ಸೈಟಲ್ಲೂ ಕಾಣಲಿಲ್ಲ. ಗೂಗಲ್‌ನಲ್ಲಿ ಹುಡುಕೋಕೆ ಅಪ್ಪನಿಗೆ ಅಂಥದ್ದೊಂದು ಇದೆ ಅಂತಲಾದರೂ ಗೊತ್ತಿರಬೇಕಲ್ಲ. ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿದರೆ ಕಾಣೋದು ನೋಂದಣಿ ಆಗಿಹೋದ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಸಿ ಅನ್ನೋದು ಲಾಗ್, ಪೇಪರ್‌ನ ಆ ಬೆಂಕಿಪೊಟ್ಟಣ ಅಲರ್ಟ್. ಸರ್ವರ್ ಬಿದ್ದಮೇಲೆ ಲಾಗ್ ಓದಿ ಏನು ಮಾಡೋದು?

ವಕೀಲರ ಅಂಥ ಪ್ರಕಟಣೆ ಕಾನೂನಿನ ಕಡ್ಡಾಯ ಏನಲ್ಲ, ಕೊಳ್ಳೋರು ಎಚ್ಚರಿಕೆಗೆ ಹಾಕಿಸೋದು. ಕಡ್ಡಾಯ ಆಗಿರೋವೂ ಇವೆ. ರಸ್ತೆಗೋ ಯೋಜನೆಗೋ 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ತಗೊಳ್ಳೋದಾದ್ರೆ, ಪ್ರಾಥಮಿಕ ಅಧಿಸೂಚನೆಯನ್ನ ಗೆಜೆಟ್ ಮತ್ತು ಇತರ ಕಡೆಗಳ ಜೊತೆಗೆ ಆ ಪ್ರದೇಶದಲ್ಲಿ ಓಡಾಡೋ ಎರಡು ದಿನಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಆಕ್ಷೇಪಣೆಗೆ ಅರವತ್ತು ದಿನ. ಸಾಲ ಕಟ್ಟದ ಮನೆಯನ್ನ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ತಗೊಂಡಾಗಲೂ ಎರಡು ಪತ್ರಿಕೆಗಳಲ್ಲಿ ನೋಟಿಸ್ ಬರಬೇಕು, ಒಂದು ಸ್ಥಳೀಯ ಭಾಷೆಯಲ್ಲಿ. ಅಂದರೆ ಕಾನೂನು ಇನ್ನೂ ನಮ್ಮೆಲ್ಲರ ಮನೆಗೆ ಪೇಪರ್ ಬರುತ್ತೆ ಅಂತ ನಂಬಿಕೊಂಡೇ ಕೂತಿದೆ. ನೋಟಿಸ್ ಹಾಕಿಯಾಯ್ತು, ನೀವು ಓದಲಿಲ್ಲ ಅಂದ್ರೆ ಅದು ನಿಮ್ಮ ಪಾಡು. ಸೈಟು, ಸಾಲದ ಮನೆ, ಊರಲ್ಲಿ ಜಮೀನು ಇರೋ ನಮ್ಮಂಥವರು 'ಪೇಪರಲ್ಲಿ ಬರೀ ಜಾಹೀರಾತು' ಅಂತ ತಿರುಗಿಸಿ ಹಾಕೋ ಪುಟಗಳಲ್ಲೇ ಇದೆಲ್ಲ ಇರೋದು.

ಹಾಗಾಗಿ 'ಪೇಪರ್ ಬೇಕಾ' ಅನ್ನೋ ಪ್ರಶ್ನೆ ನನ್ನ ಮಟ್ಟಿಗೆ 'ಯಾವ ಆವೃತ್ತಿ, ಯಾರ ಮನೆಗೆ' ಅಂತ ಬದಲಾಯ್ತು. ದಿಲ್ಲಿಯ ಸುದ್ದಿಗೆ ನಾನು ದುಡ್ಡು ಕೊಡದಿದ್ದರೂ ಅದು ಹತ್ತು ಕಡೆಯಿಂದ ನನ್ನ ಹತ್ತಿರ ಬರುತ್ತೆ. ಅರಸೀಕೆರೆಯ ಎಪಿಎಂಸಿಯಲ್ಲಿ ಕೊಬ್ಬರಿ ಏನಾಯ್ತು, ತಾಲ್ಲೂಕು ಕಚೇರಿಯಲ್ಲಿ ಯಾರು ಲಂಚ ತಗೊಂಡು ಸಿಕ್ಕಿಬಿದ್ರು ಅನ್ನೋದನ್ನ ಬರೆಯೋಕೆ ಒಬ್ಬ ವರದಿಗಾರ ಅಲ್ಲಿ ಬೈಕ್ ಹಾಕ್ಕೊಂಡು ಓಡಾಡಬೇಕು. ಅದನ್ನ ಇನ್ಯಾರೂ ಪುಕ್ಕಟೆಯಾಗಿ ಮಾಡಲ್ಲ. ಮಾಡಿದರೆ ಯಾಕೆ ಮಾಡ್ತಿದ್ದಾರೆ ಅಂತ ವಿಚಾರಿಸಬೇಕಾಗುತ್ತೆ.

ಮನೆಯಲ್ಲಿ ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ಇಂಗ್ಲಿಷ್ ಪೇಪರ್ ನಿಲ್ಲಿಸೋದು. ಅದರ ಭಾನುವಾರದ ಪುಟ ಓದೋಕೆ ಆಸೆಯಾದರೆ ನಮ್ಮ ಬಡಾವಣೆಯ ಗ್ರಂಥಾಲಯ ಇದೆ, ರಜೆ ಯಾವ ದಿನ ಅಂತ ಮಾತ್ರ ಬೋರ್ಡ್ ನೋಡಿಕೊಂಡು ಹೋಗಿ. ಅಲ್ಲಿಗೆ ನಾವು ಆಗಲೇ ದುಡ್ಡು ಕಟ್ಟಿರೋದು ಬಹಳ ಜನಕ್ಕೆ ಗೊತ್ತಿಲ್ಲ. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಸೆಸ್ ಅಂತ ತೆರಿಗೆಯ ಶೇ 6 ಸೇರಿರುತ್ತೆ, 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ. ಬೆಳಗ್ಗೆ ಹೋದರೆ ಎಲ್ಲಾ ಪತ್ರಿಕೆಗಳೂ ಮೇಜಿನ ಮೇಲೆ. ನಿವೃತ್ತರ ಜೊತೆ ಕ್ರೀಡಾಪುಟಕ್ಕೆ ಕ್ಯೂ ನಿಲ್ಲಬೇಕು, ಅಷ್ಟೇ.

ಕನ್ನಡ ಪೇಪರ್ ಇಟ್ಟುಕೊಂಡ್ವಿ. ಊರಲ್ಲಿ ಅಪ್ಪನ ಪೇಪರ್ ಬಿಲ್ ಇನ್ಮೇಲೆ ನಾನೇ ಕಟ್ಟೋದು ಅಂತಾಯ್ತು, ಎರಡನೆಯದೊಂದು ಪತ್ರಿಕೆ ಸೇರಿಸಿ. ಯಾಕಂದ್ರೆ ನೋಟಿಸ್ ಯಾವುದರಲ್ಲಿ ಬರುತ್ತೆ ಅಂತ ಹೇಳೋಕಾಗಲ್ಲ. ನನ್ನ ಫೋನಿಗೆ ಹಾಸನದ ಪುಟಗಳು ಸಿಗೋ ಹಾಗೆ ಒಂದು ಇ-ಪೇಪರ್, ಆಟೊ ರಿನ್ಯೂವಲ್ ಇಲ್ಲದೆ ಒಂದು ವರ್ಷಕ್ಕೆ. ಒಟ್ಟು ಖರ್ಚು ಮೊದಲಿಗಿಂತ ಜಾಸ್ತಿಯೇ ಆಯ್ತು. ಹೆಂಡತಿ ಶೀಟ್‌ನಲ್ಲಿ ಅದನ್ನ 'ಮನರಂಜನೆ'ಯಿಂದ ತೆಗೆದು 'ಇನ್ಶೂರೆನ್ಸ್' ಕೆಳಗೆ ಹಾಕಿದಳು. ಅವಳ ಮಾತಿಗೆ ನಾನು ಎದುರು ಹೇಳಲಿಲ್ಲ.

ನೀವೂ ಇದೇ ಮಾಡಿ ಅಂತಲ್ಲ. ಊರಲ್ಲಿ ಏನೂ ಇಲ್ಲ, ಬಾಡಿಗೆ ಮನೆ, ಇಬ್ಬರೂ ರಾತ್ರಿ ಶಿಫ್ಟು ಅಂದ್ರೆ ಬಾಗಿಲಿಗೆ ಬರೋ ಪೇಪರ್ ನಿಲ್ಲಿಸಿಬಿಡಿ, ಪಾಪಪ್ರಜ್ಞೆ ಬೇಡ. ಆದರೆ ನಿಲ್ಲಿಸೋಕೆ ಮೊದಲು ಒಂದು ತಿಂಗಳು ಗೀಟು ಹಾಕಿ ನೋಡಿ. ಗೀಟು ಯಾವ ಪುಟಕ್ಕೆ ಬಿತ್ತು ಅಂತಲೂ ಬರೆದಿಡಿ, ಎಷ್ಟು ಬಿತ್ತು ಅನ್ನೋದಕ್ಕಿಂತ ಅದು ಮುಖ್ಯ.

ಇಂಗ್ಲಿಷ್ ಪೇಪರ್ ನಿಲ್ಲಿಸಿ ಅಂತ ಹೇಳೋಕೆ ಹೋದಾಗ ಏಜೆಂಟ್ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಕೋವಿಡ್ ಬಂದ ವರ್ಷ ಗೇಟಲ್ಲೇ ತಡೆದರಲ್ಲ, ಆಗ ಬಿಟ್ಟವರಲ್ಲಿ ಬಹಳ ಜನ ವಾಪಸ್ ಬರಲಿಲ್ಲ ಸಾರ್, ಅಭ್ಯಾಸ ಆಗಿದೆ ಅಂದ್ರು. ಭಾನುವಾರ ಮಾತ್ರ ಹಾಕೋಕಾಗುತ್ತಾ ಅಂತ ಕೇಳಿದೆ. "ಹುಡುಗ ಹೆಂಗಿದ್ರೂ ಕನ್ನಡ ಪೇಪರ್ ಹಿಡ್ಕೊಂಡು ನಿಮ್ಮ ಮೂರನೇ ಮಹಡಿ ಹತ್ತುತಾನೆ, ಇದೂ ಒಂದು ಅದರ ಜೊತೆ ಬರುತ್ತೆ ಬಿಡಿ" ಅಂತ ಪುಸ್ತಕದಲ್ಲಿ ನಮ್ಮ ಮನೆ ನಂಬರಿನ ಮುಂದೆ 'ಭಾ' ಅಂತ ಬರೆದುಕೊಂಡರು.